ಕ್ಯಾಮೆರಾ ಇಲ್ಲದ ಗುರುವಾರ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹೊಸದಾಗಿ ಕಾಲಿಟ್ಟವರು ಮೊದಲು ಕೆಮ್ಮುತ್ತಾರೆ, ಆಮೇಲೆ ಮಾತಾಡುತ್ತಾರೆ. ಫೆಬ್ರುವರಿಯ ಆ ಗುರುವಾರ ಬೆಳಿಗ್ಗೆ ಏಳಕ್ಕೆ ಎಪಿಎಂಸಿ ಗೇಟು ದಾಟಿ ಹತ್ತು ಹೆಜ್ಜೆ ಇಟ್ಟಿರಲಿಲ್ಲ, ನನ್ನ ಜೊತೆಗಿದ್ದ ನಿರ್ದೇಶಕರು ಕರವಸ್ತ್ರಕ್ಕೆ ತಡಕಾಡಿದರು. ಹಿಂದಿದ್ದ ಕ್ಯಾಮೆರಾಮನ್ ಕಣ್ಣೀರು ಒರೆಸಿಕೊಳ್ಳುತ್ತ ಗೋಡೆ ಹಿಡಿದು ನಿಂತ. ಬೆನ್ನ ಮೇಲೆ ಚೀಲ ಹೊತ್ತ ಹಮಾಲರು ‘ಬಾಜೂ, ಬಾಜೂ’ ಎನ್ನುತ್ತ ನಮ್ಮನ್ನು ಬಳಸಿಕೊಂಡು ಓಡಿದರು. ಅವರಿಗೆ ಆ ಘಾಟು ಉಸಿರಿನಷ್ಟೇ ರೂಢಿ.

ಕ್ಯಾಮೆರಾಮನ್ ಬಂದಿದ್ದರೂ ಕ್ಯಾಮೆರಾ ಬಂದಿರಲಿಲ್ಲ. ನಟರಿಲ್ಲ, ಮೇಕಪ್ ವ್ಯಾನಿಲ್ಲ, ಜನರೇಟರಿನ ಸದ್ದಿಲ್ಲ. ನಿರ್ದೇಶಕರ ಕೈಯಲ್ಲಿ ಇದ್ದದ್ದು ಒಂದು ನೋಟ್‌ಬುಕ್ಕು, ದಿಕ್ಸೂಚಿ ಇರುವ ಮೊಬೈಲು, ಪಿನ್ ಹೊಡೆದ ಸೀನ್ ಪೇಪರು. ಧಾರಾವಾಹಿಯೊಂದರ ಒಂದೇ ಒಂದು ಕಂತಿಗಾಗಿ ಅವರು ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದಿದ್ದರು. ಅರ್ಧ ಗಂಟೆಯ ಕಂತೆಂದರೆ ಜಾಹೀರಾತು ಕಳೆದು ಉಳಿಯುವುದು 22 ನಿಮಿಷದ ಆಸುಪಾಸು. ಅದಕ್ಕೆ ಇಷ್ಟು ದೂರ, ಶೂಟಿಂಗಿಗೆ ನಾಲ್ಕು ದಿನ ಮೊದಲೇ! ಹಾವೇರಿಯಲ್ಲಿ ಕನ್ನಡ ಕಲಿಸಿ ನಿವೃತ್ತನಾದ ನನ್ನನ್ನು ಯಾರ ಮೂಲಕವೋ ಹುಡುಕಿ ‘ಭಾಷೆ ನೋಡಿಕೊಡಿ ಮೇಷ್ಟ್ರೇ’ ಎಂದು ಕೇಳಿದ್ದರು. ಮಂಡ್ಯದ ಕಡೆಯವರು, ಅವರ ಬಾಯಲ್ಲಿ ನಾನು ಮೇಷ್ಟ್ರು, ನಮ್ಮವರ ಬಾಯಲ್ಲಿ ಮಾಸ್ತರ.

ಕಂತಿನ ಕಥೆ ಚಿಕ್ಕದು. ಒಬ್ಬ ರೈತ ಮಗಳ ಮದುವೆಗೆಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುತ್ತಾನೆ, ರಾಣೆಬೆನ್ನೂರಿನಲ್ಲಿ ಜವಳಿ ತೆಗೆಯುತ್ತಾನೆ, ಕೈಯಲ್ಲಿ ಉಳಿದ ದುಡ್ಡಿಗೆ ಹಾವೇರಿಯಲ್ಲಿ ಬೀಗರಿಗೊಂದು ಏಲಕ್ಕಿ ಹಾರ ಕೊಳ್ಳುತ್ತಾನೆ. ಬೆಂಗಳೂರಿನಲ್ಲಿ ಬರೆದವರು ರೈತನಿಗೆ ರಂಗೇಗೌಡ ಎಂದು ಹೆಸರಿಟ್ಟಿದ್ದರು. ಹೆದ್ದಾರಿ ಬಿಟ್ಟು ಮೋಟೆಬೆನ್ನೂರಿನ ಕ್ರಾಸಿನಲ್ಲಿ ಬ್ಯಾಡಗಿಯ ಕಡೆ ತಿರುಗುವಾಗಲೇ ನಾನು ಈ ಕಡೆಯದಲ್ಲದ ಆ ಹೆಸರು ಬೇಡವೆಂದೆ. ಮೋಟೆಬೆನ್ನೂರು ಮೈಲಾರ ಮಹಾದೇವಪ್ಪನವರ ಊರು. 1930ರಲ್ಲಿ ಗಾಂಧೀಜಿಯ ಜೊತೆ ದಂಡಿಗೆ ನಡೆದ ಕನ್ನಡಿಗ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಎದೆಯೊಡ್ಡಿದವರು. ಅವರ ಹೆಸರು ನಮ್ಮಲ್ಲಿ ಮನೆಮನೆಗೂ ಇದೆ. ನಿರ್ದೇಶಕರು ಕಾರು ನಿಲ್ಲಿಸಿ, ಸೀನ್ ಪೇಪರಿನ ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಒಂದೊಂದಾಗಿ ಹೆಸರು ಹೊಡೆದು ‘ಮಾದೇವಪ್ಪ’ ಎಂದು ಬರೆದರು. ಅವತ್ತಿನ ಮೊದಲ ಕೆಲಸ ಅದು.

ಪೇಟೆಯಲ್ಲಿ ಅವರು ಮೊದಲ ಒಂದು ತಾಸು ಏನೂ ಮಾಡಲಿಲ್ಲ. ದಲಾಲಿ ಅಂಗಡಿಯೊಂದರ ಕಟ್ಟೆಯ ಮೇಲೆ ಕೂತು ನೋಡಿದರು. ಲಾರಿಗಳಿಂದ ಚೀಲ ಇಳಿಯುತ್ತಿದ್ದವು. ನಮ್ಮ ಜಿಲ್ಲೆಯದಷ್ಟೇ ಅಲ್ಲ, ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲಿನ ಕಡೆಯ ಕಾಯಿಯೂ ಇಲ್ಲಿಗೇ ಬರುತ್ತದೆ. ಸುಗ್ಗಿಯ ಭರದಲ್ಲಿ ಒಂದೇ ದಿನಕ್ಕೆ ಲಕ್ಷ ಚೀಲ ದಾಟುವುದುಂಟು. ಬಾಯಿ ಬಿಚ್ಚಿದ ಚೀಲಗಳ ಸಾಲಿನ ನಡುವೆ ಖರೀದಿದಾರರು ಬಗ್ಗಿ, ಹಿಡಿ ಕಾಯಿ ಎತ್ತಿ, ಹಿಂಡಿ, ಮೂಸಿ, ಚೀಟಿಯಲ್ಲಿ ಗುರುತು ಹಾಕಿಕೊಂಡು ಮುಂದೆ ಸಾಗುತ್ತಿದ್ದರು. ರೈತ ತನ್ನ ಚೀಲದ ಪಕ್ಕ ಸುಮ್ಮನೆ ನಿಂತಿರುತ್ತಾನೆ. ಮಾತಿಲ್ಲ, ಚೌಕಾಶಿಯಿಲ್ಲ. ಬರೆದ ದೃಶ್ಯದಲ್ಲಿ ಮಾದೇವಪ್ಪ ವ್ಯಾಪಾರಿಯ ಜೊತೆ ಎರಡು ಪುಟ ವಾದ ಮಾಡುತ್ತಿದ್ದ. ಟೆಂಡರಿನ ಪೇಟೆಯಲ್ಲಿ ಆ ವಾದಕ್ಕೆ ಜಾಗವೇ ಇಲ್ಲ. ನಿರ್ದೇಶಕರು ಎರಡೂ ಪುಟಕ್ಕೆ ಅಡ್ಡಗೆರೆ ಎಳೆದು, ಕೆಳಗೆ ಒಂದೇ ಸಾಲು ಬರೆದರು: ‘ಕಾಯುತ್ತಾನೆ.’

ಆಮೇಲೆ ಕ್ಯಾಮೆರಾಮನ್ನಿನ ಸರದಿ. ಅವನು ಒಂದು ಡಬ್ಬಿ ಕಾಯಿ ಎತ್ತಿ ಅಂಗೈ ಮೇಲಿಟ್ಟುಕೊಂಡ. ಬ್ಯಾಡಗಿಯದರಲ್ಲಿ ಡಬ್ಬಿ ಎಂದರೆ ಗಿಡ್ಡ, ದಪ್ಪ. ಕಡ್ಡಿ ಎಂದರೆ ಉದ್ದ, ಸಣಕಲು. ಅವನ ಅಂಗೈಯಲ್ಲಿದ್ದ ಕಾಯಿಯ ಮೈತುಂಬ ಸುಕ್ಕು, ದುಡಿದು ಹಣ್ಣಾದ ಮುದುಕಿಯ ಮುಂಗೈಯ ಹಾಗೆ. ತೊಟ್ಟಿನ ಹತ್ತಿರ ಬಣ್ಣ ಕಪ್ಪಿಗೆ ತಿರುಗಿ, ತುದಿಯತ್ತ ಬರುತ್ತ ಕುಂಕುಮಕ್ಕೆ ಇಳಿದಿತ್ತು. ಬಿಸಿಲಿಗೆ ಹಿಡಿದರೆ ಒಳಗಿನ ಬೀಜಗಳ ನೆರಳು ಕಾಣುತ್ತಿತ್ತು. ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಿಲಗಿಲ ಸದ್ದು. ಖಾರ ಕಡಿಮೆ, ಬಣ್ಣ ಗಾಢ. ಈ ಬಣ್ಣಕ್ಕಾಗಿಯೇ ಇದಕ್ಕೆ ಬೆಲೆ. ಕಾಯಿಯಿಂದ ಓಲಿಯೊರೆಸಿನ್ ಎಂಬ ಬಣ್ಣದ ಸಾರ ತೆಗೆದು ತಿನ್ನುವ ಪದಾರ್ಥದಿಂದ ಹಿಡಿದು ತುಟಿಗೆ ಹಚ್ಚುವ ಬಣ್ಣದವರೆಗೆ ಬಳಸುತ್ತಾರೆ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂತು.

‘ಕೆಂಪು ನಂಬಿಕೆಯ ಬಣ್ಣ ಅಲ್ಲ ಸರ್’ ಎಂದ ಕ್ಯಾಮೆರಾಮನ್. ಬೆಳಕು ಒಂದಿಷ್ಟು ಹೆಚ್ಚಾದರೂ ಅಷ್ಟು ದೊಡ್ಡ ರಾಶಿ ಪರದೆಯ ಮೇಲೆ ಒಂದು ಕೆಂಪು ಮುದ್ದೆಯಾಗುತ್ತದಂತೆ. ಕಾಯಿಯಿಂದ ಕಾಯಿ ಬೇರೆ ಕಾಣಬೇಕಾದರೆ ಬೆಳಕು ಓರೆಯಾಗಿ ಬೀಳಬೇಕು, ಸುಕ್ಕಿನ ನೆರಳು ಸಿಗಬೇಕು. ಎಂಟಕ್ಕೆ, ಹತ್ತಕ್ಕೆ, ಹನ್ನೆರಡಕ್ಕೆ ಒಂದೇ ಜಾಗದಲ್ಲಿ ನಿಂತು ಒಂದೇ ಚೀಲದ ಫೋಟೊ ಮೊಬೈಲಿನಲ್ಲಿ ತೆಗೆದ. ಹನ್ನೆರಡರ ಫೋಟೊದಲ್ಲಿ ಮುದ್ದೆಯೇ. ನಿರ್ದೇಶಕರು ನೋಟ್‌ಬುಕ್ಕಿನಲ್ಲಿ ತಗಡಿನ ಮಾಡು, ಸೂರ್ಯ ಹುಟ್ಟುವ ದಿಕ್ಕು, ಬಾಣದ ಗುರುತು ಹಾಕಿ, ‘9.30ರ ಒಳಗೆ ಮುಗಿಯಬೇಕು’ ಎಂದು ಬರೆದರು.

ಇನ್ನೊಂದು ತೊಡಕಿತ್ತು. ಇಲ್ಲಿ ಟೆಂಡರ್ ಸೋಮವಾರ ಮತ್ತು ಗುರುವಾರ. ಬೆಳಿಗ್ಗೆ ಕಂಡ ಚೀಲ ವ್ಯಾಪಾರ ಮುಗಿದ ಮೇಲೆ ಎತ್ತುವಳಿಯಾಗಿ ಹೋಗಿರುತ್ತದೆ. ಮಾದೇವಪ್ಪನ ಮುಖವನ್ನು ಹತ್ತಿರದಿಂದ ತೆಗೆಯುವುದು ಮಂಗಳವಾರಕ್ಕೆ ಹೋದರೆ ಅವನ ಹಿಂದೆ ಇರಬೇಕಾದ ರಾಶಿ ಎಲ್ಲಿ? ಕಂಟಿನ್ಯುಟಿ ತಪ್ಪಿದರೆ ಮನೆಯಲ್ಲಿ ಕೂತ ಹೆಣ್ಣುಮಕ್ಕಳು ಮೊದಲು ಹಿಡಿಯುತ್ತಾರೆ. ಕೊನೆಗೆ ಹೀಗೆ ಗೊತ್ತಾಯಿತು: ಸೋಮವಾರ ಅನುಮತಿ ಪಡೆದು, ಲೈಟಿಲ್ಲದೆ, ಚಿಕ್ಕ ಕ್ಯಾಮೆರಾದಲ್ಲಿ ನಿಜವಾದ ಸಂದಣಿಯ ನಡುವೆ ದೂರದ ಶಾಟುಗಳು, ಅವತ್ತೇ ಹತ್ತು ಚೀಲ ಕೊಂಡು ಇಟ್ಟುಕೊಳ್ಳುವುದು, ಮಂಗಳವಾರ ಅದೇ ಹೊತ್ತಿಗೆ, ಅದೇ ದಿಕ್ಕಿಗೆ ಮುಖ ಮಾಡಿದ ಅಂಗಳದಲ್ಲಿ ಕ್ಲೋಸಪ್ಪು. ಕೆಮ್ಮಿನ ವಿಚಾರಕ್ಕೆ ಸೌಂಡಿನ ಹುಡುಗ ಫೋನಿನಲ್ಲೇ ಗಾಬರಿಯಾದ. ‘ಕೆಮ್ಮು ಇರಲಿ ಬಿಡು, ಅದು ಈ ಊರಿನ ಸಂಗೀತ’ ಎಂದರು ನಿರ್ದೇಶಕರು. ಆದರೆ ಮಾದೇವಪ್ಪನಾಗುವ ನಟ ಕೆಮ್ಮಕೂಡದು. ಅವರು ಭಾನುವಾರವೇ ಬಂದು ಈ ಘಾಟಿನಲ್ಲಿ ಕೂತು ರೂಢಿ ಮಾಡಿಕೊಳ್ಳಬೇಕು.

ಪಕ್ಕದ ಗೋದಾಮಿನ ನೆರಳಿನಲ್ಲಿ ಹೆಂಗಸರು ಸೆರಗನ್ನು ಮೂಗಿಗೆ ಕಟ್ಟಿಕೊಂಡು ತೊಟ್ಟು ಬಿಡಿಸುತ್ತಿದ್ದರು. ನಿರ್ದೇಶಕರು ಅವರ ಮುಂದೆ ಕುಕ್ಕರುಗಾಲಲ್ಲಿ ಕೂತು ಮಗಳ ಮಾತನ್ನು ಓದಿದರು: ‘ಅಪ್ಪಾ, ನಮ್ಮ ಮೆಣಸಿನಕಾಯಿಗೆ ಎಷ್ಟು ಬೆಲೆ ಸಿಕ್ಕಿತು?’

ಹಿರಿಯಳೊಬ್ಬಳು ಕೈ ನಿಲ್ಲಿಸದೆ ಕೇಳಿದಳು: ‘ಹಂಗ ಯಾರ್ ಕೇಳ್ತಾರೋ ತಮ್ಮಾ?’

‘ನೀವು ಹೆಂಗ ಕೇಳ್ತೀರವ್ವಾ?’ ನಾನು ಕೇಳಿದೆ.

‘ಎಷ್ಟಕ್ಕ ಹೋತ ಯಪ್ಪಾ ಕಾಯಿ, ಅಂತೀವ್ರಿ ಮಾಸ್ತರ. ಧಾರಣಿ ಕಡಿಮಿ ಆಗಿದ್ರ ಅದನ್ನೂ ಕೇಳಂಗಿಲ್ಲ. ಉಂಡೇನು ಅಂತ ಕೇಳ್ತೀವಿ.’

ನಿರ್ದೇಶಕರ ಪೆನ್ನು ನಿಂತಿತು. ಆಕೆ ಹೇಳಿದ್ದು ಒಂದು ಮಾತಿನ ತಿದ್ದುಪಡಿಯಲ್ಲ, ಇಡೀ ದೃಶ್ಯ. ನಾಲ್ಕು ಪುಟದ ಅಳುವ ದೃಶ್ಯ ಅಲ್ಲೇ ಕಳಚಿಬಿತ್ತು. ಮಗಳು ಅಪ್ಪನ ಮುಖ ನೋಡುತ್ತಾಳೆ, ‘ಉಂಡಿ ಏನ ಯಪ್ಪಾ?’ ಎನ್ನುತ್ತಾಳೆ. ಅಷ್ಟೇ.

ಈ ಮಾತಿನ ವಿಷಯದಲ್ಲಿ ನನಗೊಂದು ನೋವಿದೆ, ಅದನ್ನು ಮುಚ್ಚಿಡುವುದಿಲ್ಲ. ಪರದೆಯ ಮೇಲೆ ನಮ್ಮ ಕಡೆಯ ಭಾಷೆ ಬಹಳ ಸಲ ನಗಿಸಲಿಕ್ಕೆ, ಇಲ್ಲವೇ ರೌಡಿಯ ಬಾಯಿಗೆ. ವೈಶಾಲಿ ಕಾಸರವಳ್ಳಿಯವರು ಈಟಿವಿಗೆ ‘ಮೂಡಲ ಮನೆ’ ಮಾಡಿದಾಗ ನಮ್ಮ ಓಣಿಯ ಹೆಣ್ಣುಮಕ್ಕಳು ರೊಟ್ಟಿ ಬಡಿಯುವುದನ್ನು ಬೇಗ ಮುಗಿಸಿ ಟಿವಿಯ ಮುಂದೆ ಕೂರುತ್ತಿದ್ದುದು ಸುಮ್ಮನೆ ಅಲ್ಲ. ಉತ್ತರದ ಮಾತು ಅಲ್ಲಿ ದುಃಖಕ್ಕೆ, ಮರ್ಯಾದೆಗೆ, ಸಂಸಾರಕ್ಕೆ ಬಳಕೆಯಾಗಿತ್ತು. ಹಾಗೆ ಬಳಸಬೇಕಾದರೆ ಯಾರಾದರೂ ಮೊದಲು ಕೂತು ಕೇಳಿಸಿಕೊಂಡಿರಲೇಬೇಕು.

ರಾಣೆಬೆನ್ನೂರಿನ ಕೆಲಸ ಬೇಗ ಮುಗಿಯಿತು. ಜವಳಿ ಅಂಗಡಿಯಲ್ಲಿ ಹಾಸಿದ ಗಾದಿ ಇತ್ತು, ಮಾಲೀಕರು ಒಪ್ಪಿದರು, ಒಂದು ಫ್ಯಾನು ಮಾತ್ರ ಸದ್ದು ಮಾಡುತ್ತಿತ್ತು. ಊರ ಹೊರಗೆ ನಿರ್ದೇಶಕರಿಗೆ ಇನ್ನೊಂದು ಆಸೆ: ಅಪ್ಪ ಮಗಳು ಟಂಟಂನಲ್ಲಿ ಮರಳುವಾಗ ದೂರದಲ್ಲಿ ಕೃಷ್ಣಮೃಗಗಳ ಹಿಂಡು ಓಡಬೇಕು. ಇಲ್ಲಿನ ಕೃಷ್ಣಮೃಗ ಅಭಯಾರಣ್ಯ 1974ರದು, 119 ಚದರ ಕಿಲೋಮೀಟರಿನದು. ಒಳಗೆ ಚಿತ್ರೀಕರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ನಾಲ್ಕು ದಿನದಲ್ಲಿ ಅದು ಆಗುವಂಥದ್ದಲ್ಲ. ಒಬ್ಬ ಸಹಾಯಕ ಡ್ರೋನ್ ಹಾರಿಸೋಣವೆಂದ. ‘ಬೆದರಿಸಿ ಓಡಿಸಿದ ಪ್ರಾಣಿ ನನಗೆ ಬೇಡ’ ಎಂದರು. ಹೊಲದ ಬದುವಿನಲ್ಲಿ ಸಂಜೆಯವರೆಗೆ ಕಾದೆವು. ಏಳೆಂಟು ಮೃಗ ಶೇಂಗಾ ಕಿತ್ತ ಹೊಲದಲ್ಲಿ ತಲೆಯೆತ್ತಿ ನಮ್ಮನ್ನು ನೋಡಿ, ಮತ್ತೆ ತಲೆ ತಗ್ಗಿಸಿ ಮೇಯತೊಡಗಿದವು. ನಿರ್ದೇಶಕರು ಬರೆದುಕೊಂಡರು: ‘ಸಿಕ್ಕರೆ ಸರಿ. ಸಿಗದಿದ್ದರೆ ಬರೀ ಹೊಲ.’

ಮರುದಿನ ಹಾವೇರಿ. ಇಲ್ಲಿನ ಏಲಕ್ಕಿ ಹಾರ ದೊಡ್ಡ ದೊಡ್ಡವರ ಕೊರಳಿಗೆ ಬಿದ್ದದ್ದು. ಪಟವೇಗಾರ ಮನೆತನದವರು ತಲೆಮಾರುಗಳಿಂದ ಮಾಡುತ್ತ ಬಂದ ಕಸುಬು. ಏಲಕ್ಕಿಯನ್ನು ಬಿಳಿ ಮಾಡಿ, ಒಂದೊಂದಾಗಿ ದಾರಕ್ಕೆ ಕೂರಿಸಿ, ನಡುನಡುವೆ ಜರಿ, ಮಣಿ ಸೇರಿಸಿ ಹೆಣೆಯುವುದನ್ನು ನೋಡುತ್ತ ಕೂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ನಿರ್ದೇಶಕರು ಹಾರದ ಬೆಲೆ ಕೇಳಲಿಲ್ಲ. ‘ಒಂದು ಎಳೆಗೆ ಎಷ್ಟು ಹೊತ್ತು ಬೇಕು?’ ಎಂದು ಕೇಳಿ, ಗಡಿಯಾರ ನೋಡುತ್ತ ಆ ಕೈಗಳನ್ನೇ ಗಮನಿಸಿದರು. ಅಂಗಡಿಯ ದೃಶ್ಯದಲ್ಲಿ ಮಾದೇವಪ್ಪನ ಮುಖಕ್ಕಿಂತ ಮೊದಲು ಆ ಬೆರಳುಗಳು ಬರಬೇಕೆಂದು ತೀರ್ಮಾನವಾಯಿತು.

ಅವತ್ತು ರಾತ್ರಿ ಲಾಡ್ಜಿನ ಕೋಣೆಯಲ್ಲಿ ಹಾಸಿಗೆಯ ತುಂಬ ಹಾಳೆ. ಕಥೆಯ ಕ್ರಮ ಬೇರೆ, ಚಿತ್ರೀಕರಣದ ಕ್ರಮ ಬೇರೆ. ಸಹಾಯಕರು ದೃಶ್ಯ, ಜಾಗ, ಹಗಲೋ ಇರುಳೋ, ಯಾರು, ಯಾವ ಬಟ್ಟೆ, ಯಾವ ಸಾಮಾನು ಎಂದು ಗೆರೆ ಹಾಕಿ ತುಂಬಿಸುತ್ತ ಹೋದರು. ಮಾದೇವಪ್ಪನಿಗೆ ಹೊಸ ಧೋತರ ಬೇಡ, ಹಳೆಯದನ್ನು ಯಾರಿಂದಲಾದರೂ ಕೇಳಿ ತರಬೇಕು. ಮಗಳ ಬೆರಳಿಗೆ ಕಾಯಿಯ ಬಣ್ಣ ಹತ್ತಿರಬೇಕು. ಬಂದಾಗ 19 ಇದ್ದ ದೃಶ್ಯಗಳು 14 ಆಗಿದ್ದವು. ಮಾತು ಅರ್ಧಕ್ಕೆ ಇಳಿದಿತ್ತು.

ಕೊನೆಯ ದೃಶ್ಯದ ಪಕ್ಕ ನಿರ್ದೇಶಕರು ಪೆನ್ಸಿಲ್ಲಿನಲ್ಲಿ ಆ ಹಿರಿಯಳ ಮಾತು ಬರೆದಿಟ್ಟಿದ್ದರು. ಸೋಮವಾರ ಆಕೆಯ ಆ ದಿನದ ಕೂಲಿ ಕೊಟ್ಟು ಕರೆಸಿ, ಮಗಳ ಪಾತ್ರದ ಹುಡುಗಿಗೆ ಆ ಒಂದು ಮಾತನ್ನು ಹೇಳಿಕೊಡಿಸಬೇಕೆಂದು ಮ್ಯಾನೇಜರಿಗೆ ತಾಕೀತು ಮಾಡಿದರು.

ನಮ್ಮ ಜಿಲ್ಲೆಗೆ ಕ್ಯಾಮೆರಾ ತರುವವರಲ್ಲಿ ನನ್ನದು ಒಂದೇ ಕೋರಿಕೆ. ಕ್ಯಾಮೆರಾ ಬಿಟ್ಟು ಒಂದು ದಿನ ಮೊದಲು ಬನ್ನಿ. ಬ್ಯಾಡಗಿಯಲ್ಲಿ ಸ್ವಲ್ಪ ಕೆಮ್ಮಿ, ನೆರಳಲ್ಲಿ ಕೂತು, ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಮಾತು ಕೇಳಿ ಹೋಗಿ.