ಒಂದು ಮೀಟರು, ಹಲವು ಲೆಕ್ಕ

ಜೋಳವನ್ನು ತೂಗಬಹುದು, ಹಾಲನ್ನು ಅಳೆಯಬಹುದು. ತಂತಿಯಲ್ಲಿ ಹರಿಯುವ ವಿದ್ಯುತ್ತಾದರೋ ಕಣ್ಣಿಗೆ ಕಾಣದು. ಮೀಟರು ಹೇಳಿದ ಲೆಕ್ಕವನ್ನೇ ನಾವು ನಂಬಬೇಕು. ಹಳೆಯ ಮೀಟರುಗಳಲ್ಲಿ ತಿರುಗುವ ತಟ್ಟೆಯನ್ನಾದರೂ ನೋಡಬಹುದಾಗಿತ್ತು. ಇಂದಿನ ಎಲೆಕ್ಟ್ರಾನಿಕ್ ಮೀಟರಿನಲ್ಲಿ ಕಾಣುವುದು ಅಂಕೆಗಳು ಮಾತ್ರ. ಈ ಅಂಕೆಗಳು ಯಾವಾಗ ನಿಜ, ಯಾವಾಗ ಸುಳ್ಳು ಎಂಬುದನ್ನು ವಿಚಾರಿಸೋಣ.

ಗದಗ ಜಿಲ್ಲೆಯ ಬಾಳೆಹೊಸೂರಿನಂತಹ ಗ್ರಾಮದಲ್ಲಿ ಮೂವರು ಪಾಲುದಾರರು ಕೂಡಿ ಒಂದು ಗಿರಣಿಯನ್ನು ನಡೆಸುತ್ತಿರುವರೆಂದು ಭಾವಿಸಿರಿ. ಒಬ್ಬನದು ಹಿಟ್ಟಿನ ಯಂತ್ರ, ಇನ್ನೊಬ್ಬನದು ಖಾರ ಕುಟ್ಟುವ ಯಂತ್ರ, ಮತ್ತೊಬ್ಬನದು ಎಣ್ಣೆಯ ಗಾಣ. ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯ ಮೀಟರು ಒಂದೇ, ಬಿಲ್ಲೂ ಒಂದೇ. ಯಾರ ಪಾಲು ಎಷ್ಟು? ಪ್ರತಿ ಯಂತ್ರಕ್ಕೂ ಒಂದೊಂದು ಮೀಟರನ್ನು ಕೂರಿಸುವುದರ ಬದಲು, ಹಲವು ಮಂಡಲಗಳನ್ನು ಒಟ್ಟಿಗೆ ಅಳೆಯುವ ಒಂದೇ ಮೀಟರನ್ನು ಒಳಗೆ ಅಳವಡಿಸಬಹುದು.

ಇಂತಹ ಮೀಟರಿಗೆ ಆರ್, ವೈ, ಬಿ ಎಂಬ ಮೂರು ಫೇಸುಗಳ ವೋಲ್ಟೇಜನ್ನು ಒಮ್ಮೆ ಒದಗಿಸಿದರೆ ಸಾಕು. ಪ್ರತಿ ಯಂತ್ರದ ತಂತಿಗಳಿಗೆ ಸಿ.ಟಿ. ಎಂಬ ಪ್ರವಾಹ ಪರಿವರ್ತಕಗಳನ್ನು ಬಳೆಗಳಂತೆ ತೊಡಿಸುವರು. ಇವು ದೊಡ್ಡ ಪ್ರವಾಹವನ್ನು ಗೊತ್ತಾದ ಪ್ರಮಾಣದಲ್ಲಿ ತಗ್ಗಿಸಿ ಮೀಟರಿಗೆ ಕಳುಹಿಸುತ್ತವೆ. ಆದರೆ ತನಗೆ ಬಂದ ಸಂಕೇತ ಯಾವ ಯಂತ್ರದ್ದು, ಯಾವ ಫೇಸಿನದು ಎಂಬುದು ಮೀಟರಿಗೆ ತಾನಾಗಿ ತಿಳಿಯದು. ಗಣಕಯಂತ್ರವನ್ನು ಜೋಡಿಸಿ, ತಂತ್ರಾಂಶದ ಮೂಲಕ ನಾವೇ ತಿಳಿಸಿಕೊಡಬೇಕು.

ತಂತ್ರಾಂಶವು ಮೊದಲು ಕೇಳುವುದು ಸಿ.ಟಿ.ಯ ಪ್ರಮಾಣವನ್ನು. ಬಳೆಯ ಮೇಲೆ 100/5 ಎಂದಿದ್ದರೆ, 100 ಆಂಪಿಯರು ಹರಿದಾಗ ಅದು 5 ಆಂಪಿಯರನ್ನು ಕೊಡುವುದೆಂದು ಅರ್ಥ. ನಾವು 200/5 ಎಂದು ಬರೆದರೆ ಆ ಯಂತ್ರದ ಲೆಕ್ಕ ಇಮ್ಮಡಿಯಾಗುವುದು. 50/5 ಎಂದರೆ ಅರ್ಧಕ್ಕೆ ಇಳಿಯುವುದು.

ಎರಡನೆಯ ಪ್ರಶ್ನೆ ಫೇಸಿನದು. ಇಲ್ಲಿ ಆಗುವ ತಪ್ಪು ಹೆಚ್ಚು ಸೂಕ್ಷ್ಮವಾದುದು. ವಿದ್ಯುತ್ ಸಾಮರ್ಥ್ಯವೆಂದರೆ ವೋಲ್ಟೇಜು, ಪ್ರವಾಹ ಮತ್ತು ಅವೆರಡರ ನಡುವಣ ಕೋನದ ಕೊಸೈನು, ಇವುಗಳ ಗುಣಲಬ್ಧ. ಮೋಟಾರಿನ ಪ್ರತಿ ಫೇಸಿನಲ್ಲಿ 230 ವೋಲ್ಟು, 10 ಆಂಪಿಯರು ಇದ್ದು, ಪ್ರವಾಹವು ವೋಲ್ಟೇಜಿಗಿಂತ 30 ಡಿಗ್ರಿ ಹಿಂದಿರಲಿ. 230 × 10 × 0.866, ಅಂದರೆ ಸುಮಾರು 1,990 ವಾಟು. ಮೂರು ಫೇಸು ಸೇರಿ ಸುಮಾರು 6 ಕಿಲೋವಾಟು. ಗಂಟೆಗೆ 6 ಯೂನಿಟ್ಟು ಖರ್ಚು.

ಈಗ ಆರ್ ಫೇಸಿನ ಪ್ರವಾಹವನ್ನು ತಪ್ಪಾಗಿ ವೈ ಫೇಸಿನದೆಂದು ಬರೆದೆವೆನ್ನಿ. ವೈ ವೋಲ್ಟೇಜು ಆರ್ ವೋಲ್ಟೇಜಿಗಿಂತ 120 ಡಿಗ್ರಿ ಹಿಂದಿರುವುದು. ಪ್ರವಾಹ ಹಿಂದಿರುವುದು 30 ಡಿಗ್ರಿ ಮಾತ್ರ. ಆದುದರಿಂದ ಅವುಗಳ ನಡುವಣ ಅಂತರ 90 ಡಿಗ್ರಿ; ಅದರ ಕೊಸೈನು ಸೊನ್ನೆ! ಮೂರು ಸಿ.ಟಿ.ಗಳನ್ನೂ ಹೀಗೆಯೇ ಒಂದೊಂದು ಸ್ಥಾನ ಸರಿಸಿ ಬರೆದರೆ, ಯಂತ್ರ ಗಡಗಡನೆ ತಿರುಗುತ್ತಿದ್ದರೂ ಮೀಟರು ಸೊನ್ನೆಯನ್ನೇ ತೋರುವುದು. ಆ ಪಾಲುದಾರನ ಖರ್ಚು ಉಳಿದಿಬ್ಬರ ತಲೆಯ ಮೇಲೆ ಬೀಳುವುದು. ಸಿ.ಟಿ.ಯನ್ನು ತಿರುಗುಮುರುಗಾಗಿ ತೊಡಿಸಿದರೂ ಕೇಡೇ. ಆಗ ಸಾಮರ್ಥ್ಯ ಋಣ ಚಿಹ್ನೆಯೊಡನೆ ಕಾಣುವುದು.

ಮೂರನೆಯದು, ಯಾವ ಸಾಲು ಯಾವ ಯಂತ್ರದ್ದೆಂಬ ಹೆಸರು. ಒಂದೇ ತಂತಿಯ ಮೇಲೆ ಅನೇಕ ಮೀಟರುಗಳಿದ್ದರೆ, ಓಣಿಯ ಮನೆಗಳಿಗಿರುವಂತೆ ಪ್ರತಿಯೊಂದಕ್ಕೂ ಬೇರೆ ಬೇರೆ ವಿಳಾಸದ ಸಂಖ್ಯೆಯೂ ಬೇಕು. ಎರಡಕ್ಕೆ ಒಂದೇ ಸಂಖ್ಯೆಯಿದ್ದರೆ, ಕೇಳಿದ ಪ್ರಶ್ನೆಗೆ ಎರಡೂ ಒಮ್ಮೆಗೇ ಉತ್ತರಿಸಿ ಮಾತು ಕಲಸಿಹೋಗುವುದು.

ಎಲ್ಲವನ್ನೂ ಬರೆದು ಮುಗಿಸಿದ ಮೇಲೆ ಪರೀಕ್ಷೆ ಅವಶ್ಯ. ಮೂರು ಯಂತ್ರಗಳ ಯೂನಿಟ್ಟುಗಳ ಮೊತ್ತವು, ದೀಪ ಮುಂತಾದ ಇತರ ಖರ್ಚನ್ನು ಕಳೆದ ಮುಖ್ಯ ಮೀಟರಿನ ಲೆಕ್ಕಕ್ಕೆ ಬಹುಮಟ್ಟಿಗೆ ಸರಿಹೊಂದಬೇಕು. ಆದರೆ ಇಷ್ಟೇ ಸಾಲದು. ಹಿಟ್ಟಿನ ಯಂತ್ರದ ಹೆಸರು ಗಾಣಕ್ಕೂ ಗಾಣದ ಹೆಸರು ಹಿಟ್ಟಿನ ಯಂತ್ರಕ್ಕೂ ಅದಲುಬದಲಾಗಿದ್ದರೆ ಮೊತ್ತ ಮಾತ್ರ ಸರಿಯಾಗಿಯೇ ಇರುವುದು! ಆದುದರಿಂದ ಒಂದೊಂದೇ ಯಂತ್ರವನ್ನು ನಡೆಸಿ, ಅದರ ಸಾಲಿನಲ್ಲಿಯೇ ಅಂಕೆ ಏರುವುದೋ ಎಂದು ನೋಡಬೇಕು.

ಒಂದು ಎಚ್ಚರಿಕೆ: ವಿದ್ಯುತ್ತು ಹರಿಯುತ್ತಿರುವಾಗ 5 ಆಂಪಿಯರಿನ ಸಿ.ಟಿ.ಯ ಹೊರತಂತಿಯನ್ನು ಬಿಚ್ಚಿದರೆ ಅಲ್ಲಿ ಪ್ರಾಣಾಪಾಯಕರವಾದ ವೋಲ್ಟೇಜು ಹುಟ್ಟಬಹುದು. ಆ ಕೆಲಸ ಬಲ್ಲವರದೇ.

ಮೀಟರು ಲೆಕ್ಕದಲ್ಲಿ ತಪ್ಪುವುದು ವಿರಳ. ನಾವು ಹೇಳಿಕೊಟ್ಟುದು ತಪ್ಪಾದರೆ, ಅದೇ ತಪ್ಪನ್ನು ಅದು ತಿಂಗಳು ತಿಂಗಳೂ ನಿಷ್ಠೆಯಿಂದ ಕೂಡಿಸುತ್ತಿರುವುದು. ಅಂಕೆಯನ್ನು ಒಪ್ಪುವ ಮುನ್ನ ಒಮ್ಮೆ ಪರೀಕ್ಷಿಸುವುದೇ ನ್ಯಾಯವಾದ ಪಾಲಿಗೆ ದಾರಿ.