ಬೆನ್ನ ಹಿಂದಿನ ಕೆಂಪು ದೀಪ

ಮಲೆನಾಡಿನ ಮಳೆಗಾಲದ ರಾತ್ರಿಯನ್ನು ಕಂಡವರಿಗೆ ಕತ್ತಲೆಯ ವರ್ಣನೆ ಬೇಕಾಗಿಲ್ಲ. ಅಂಥದೊಂದು ಆಷಾಢದ ರಾತ್ರಿ, ಹೆಗ್ಗೋಡಿನ ನೀನಾಸಮ್ ರಂಗಮಂದಿರದಲ್ಲಿ ನಾಟಕ ನೋಡಿಕೊಂಡು ನನ್ನ ಹಳೆಯ ಕಾರಿನಲ್ಲಿ ಸಾಗರದ ಕಡೆಗೆ ಹೊರಟಿದ್ದೆ. ಹಿಂದಿನ ಸೀಟಿನಲ್ಲಿ ಮಗಳು ನಿದ್ದೆಹೋಗಿದ್ದಳು. ಒಂದು ತಿರುವಿನಲ್ಲಿ ಹಸುವೊಂದು ಅಡ್ಡ ಬಂದಿತು. ಬ್ರೇಕು ತುಳಿದೆ, ಹಸು ಉಳಿಯಿತು. ಮರುಕ್ಷಣವೇ ಹಿಂದೆ ಚಕ್ರಗಳು ಜಾರಿದ ಸದ್ದು. ತಿರುಗಿ ನೋಡಿದರೆ, ಜೀಪೊಂದು ನಮ್ಮಿಂದ ಒಂದು ಮೊಳ ದೂರದಲ್ಲಿ ನಿಂತಿತ್ತು.

ಇಳಿದು ಬಂದವನು ಪರಿಚಯದವನೇ. “ಏನು ಮೇಷ್ಟ್ರೆ, ನಿಮ್ಮ ಗಾಡೀಲಿ ಹಿಂದಿನ ಲೈಟು ಒಂದೂ ಹತ್ತೋದಿಲ್ಲವಲ್ಲ! ನೀವು ನಿಂತದ್ದು ನನಗೆ ಹೇಗೆ ಗೊತ್ತಾಗಬೇಕು?” ಎಂದ. ಅವನ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆ ದೀಪಗಳು ಎಷ್ಟು ದಿನದಿಂದ ಆರಿದ್ದುವೆಂಬುದೇ ನನಗೆ ತಿಳಿದಿರಲಿಲ್ಲ.

ವಿಚಾರ ಮಾಡಿದರೆ ಇದು ಸೋಜಿಗವೇನಲ್ಲ. ಮುಂದಿನ ದೀಪ ನಮಗಾಗಿ ಉರಿಯುತ್ತದೆ. ಅದು ಕೆಟ್ಟರೆ ಆ ಕ್ಷಣವೇ ತಿಳಿಯುತ್ತದೆ. ಹಿಂದಿನ ದೀಪ ಉರಿಯುವುದು ಪರರಿಗಾಗಿ. ಹಿಂದೆ, ಎತ್ತಿನ ಗಾಡಿಯವನು ಗಾಡಿಯ ಅಡಿಯಲ್ಲಿ ಲಾಟೀನು ತೂಗುಹಾಕಿಕೊಂಡು ಹೋಗುತ್ತಿದ್ದನಷ್ಟೆ. ಅದರ ಬೆಳಕು ಹಿಂದಿನವರಿಗೂ ಗಾಡಿಯ ಇರವನ್ನು ತಿಳಿಸುತ್ತಿತ್ತು. ಕಾರು ಗಂಟೆಗೆ 40 ಕಿಲೋಮೀಟರು ವೇಗದಲ್ಲಿದ್ದರೆ ಒಂದು ಸೆಕೆಂಡಿಗೆ 11 ಮೀಟರು ಸಾಗುತ್ತದೆ. ಹಿಂದಿನವನು ಒಂದು ಸೆಕೆಂಡು ತಡವಾಗಿ ಅರಿತರೂ ಅಷ್ಟು ದೂರ ಕೈತಪ್ಪಿತೆಂದೇ ಅರ್ಥ.

ದೋಷವನ್ನು ಕಂಡುಹಿಡಿಯುವ ಕ್ರಮ ಕಷ್ಟವಾದುದಲ್ಲ. ಬಹುಪಾಲು ಹಳೆಯ ಕಾರುಗಳಲ್ಲಿ ಹಿಂಬದಿಯ ಒಂದೇ ಬಲ್ಬಿನೊಳಗೆ ಎರಡು ಎಳೆಗಳಿರುತ್ತವೆ: ರಾತ್ರಿಯಿಡೀ ಮಂದವಾಗಿ ಉರಿಯುವ 5 ವ್ಯಾಟಿನದೊಂದು, ಬ್ರೇಕು ತುಳಿದಾಗ ಪ್ರಖರವಾಗಿ ಬೆಳಗುವ 21 ವ್ಯಾಟಿನದೊಂದು. ಒಂದು ಸುಟ್ಟುಹೋದರೂ ಇನ್ನೊಂದು ಉರಿಯಬಹುದು. ಆದುದರಿಂದ ಟೈಲ್ ಲೈಟು ಕಂಡಿತೆಂದು ಬ್ರೇಕ್ ಲೈಟೂ ಸರಿಯಾಗಿದೆಯೆಂದು ನಂಬಬಾರದು. ಎರಡನ್ನೂ ಬೇರೆಬೇರೆಯಾಗಿ ನೋಡಬೇಕು.

ಒಂದು ಕಡೆಯ ಬ್ರೇಕ್ ಲೈಟು ಮಾತ್ರ ಉರಿಯದಿದ್ದರೆ ತಪ್ಪು ಬಹುಶಃ ಆ ಬಲ್ಬಿನದು, ಇಲ್ಲವೆ ಅದರ ಹೋಲ್ಡರಿನದು. ನಮ್ಮ ಸೀಮೆಯ ತೇವಕ್ಕೆ ಹೋಲ್ಡರಿನಲ್ಲಿ ಹಸಿರು ಕಿಲುಬು ಕಟ್ಟುವುದು ಸಾಮಾನ್ಯ. ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿದರೆ ಎಷ್ಟೋ ವೇಳೆ ದೀಪ ಮರಳಿ ಹತ್ತುತ್ತದೆ. ಎಲ್ಲ ಬ್ರೇಕ್ ಲೈಟುಗಳೂ ಒಟ್ಟಿಗೆ ಆರಿದ್ದರೆ ಮೊದಲು ಫ್ಯೂಸನ್ನೂ ಆಮೇಲೆ ಬ್ರೇಕ್ ಪೆಡಲಿನ ಬಳಿಯ ಸ್ವಿಚ್ಚನ್ನೂ ನೋಡಬೇಕು.

ಇನ್ನೊಂದು ವಿಚಿತ್ರವುಂಟು: ಕಾಲು ತೆಗೆದರೂ ಬ್ರೇಕ್ ಲೈಟು ಆರದಿರುವುದು. ಸ್ವಿಚ್ಚು ಜಾರಿರಬಹುದು, ಅಥವಾ ಅದನ್ನು ಒತ್ತುವ ಪುಟ್ಟ ರಬ್ಬರಿನ ತುಂಡು ಪುಡಿಯಾಗಿರಬಹುದು. ಎರಡು ದೀಪಗಳಿಗೆ 42 ವ್ಯಾಟು. 12 ವೋಲ್ಟಿನಲ್ಲಿ ಮೂರೂವರೆ ಆಂಪಿಯರು. 35 ಆಂಪಿಯರ್-ಗಂಟೆಯ ಬ್ಯಾಟರಿ ಹತ್ತು ಗಂಟೆಗಳಲ್ಲಿ ಬರಿದು! ಅದಕ್ಕಿಂತಲೂ ಹೆಚ್ಚಿನ ಅಪಾಯವೆಂದರೆ, ಸದಾ ಉರಿಯುವ ದೀಪ ಹಿಂದಿನವನಿಗೆ ಏನನ್ನೂ ಹೇಳುವುದಿಲ್ಲ.

ಬ್ರೇಕು ತುಳಿದಾಗ ಇಂಡಿಕೇಟರು ಮಿಣುಕಿದರೆ, ಅಥವಾ ಟೈಲ್ ಲೈಟೇ ಮಂಕಾದರೆ, ಅರ್ತ್ ತಂತಿಯ ಸಂಪರ್ಕ ಸಡಿಲವಾಗಿದೆಯೆಂದು ಶಂಕಿಸಬೇಕು. ನನ್ನ ಕಾರಿನ ರೋಗವೂ ಅದೇ ಆಗಿತ್ತು. ಮರುದಿನ ಸಾಗರದ ಮೆಕ್ಯಾನಿಕ್ಕನೊಬ್ಬ ಡಿಕ್ಕಿಯ ಹಾಸನ್ನು ಎತ್ತಿ, ತುಕ್ಕು ಹಿಡಿದ ಒಂದು ಬೋಲ್ಟನ್ನು ತೋರಿಸಿದ. ಹಿಂಬದಿಯ ಎಲ್ಲ ದೀಪಗಳ ಅರ್ತ್ ತಂತಿಯೂ ಅಲ್ಲಿಗೇ ಬಂದು ಸೇರಿತ್ತು. ಉಜ್ಜಿ ಬಿಗಿದ, ದೀಪಗಳೆಲ್ಲ ಬೆಳಗಿದುವು. ಕಾಲು ಗಂಟೆಯ ಕೆಲಸ.

ಫ್ಯೂಸು ಮತ್ತೆ ಮತ್ತೆ ಸುಟ್ಟರೆ ತಂತಿ ಎಲ್ಲಿಯೋ ಬರಿದಾಗಿದೆಯೆಂದು ತಿಳಿಯಬೇಕು. ಡಿಕ್ಕಿಯ ಕೀಲಿನ ಬಳಿ ಮಡಿಸಿ ಮಡಿಸಿ ಸವೆದಿರಬಹುದು. ಕೊಟ್ಟಿಗೆಯ ಪಕ್ಕ ನಿಲ್ಲಿಸುವ ಕಾರಾದರೆ ಇಲಿಯ ಹಲ್ಲೂ ಕಾರಣವಾಗಬಹುದು. ಆಗ ಹೆಚ್ಚು ಆಂಪಿಯರಿನ ಫ್ಯೂಸನ್ನಾಗಲಿ ತಾಮ್ರದ ತಂತಿಯನ್ನಾಗಲಿ ಹಾಕುವುದು ಕಾರಿಗೆ ಬೆಂಕಿಯನ್ನು ಆಹ್ವಾನಿಸಿದಂತೆ. ಇತ್ತೀಚಿನ ಎಲ್‌ಇಡಿ ದೀಪಗಳಲ್ಲಿ ಬಿಡಿ ಬಲ್ಬು ಇರುವುದಿಲ್ಲ. ಅನೇಕ ವೇಳೆ ದೀಪವನ್ನೇ ಇಡಿಯಾಗಿ ಬದಲಿಸಬೇಕಾಗುತ್ತದೆ. ಆ ಕೆಲಸವನ್ನು ಬಲ್ಲವರಿಗೆ ಬಿಡುವುದು ಲೇಸು.

ಪರೀಕ್ಷೆಗೆ ಉಪಕರಣ ಬೇಕಿಲ್ಲ. ರಾತ್ರಿ ಕಾರನ್ನು ಗೋಡೆಗೆ ಬೆನ್ನುಮಾಡಿ ನಿಲ್ಲಿಸಿ, ಬ್ರೇಕು ತುಳಿದು ಕನ್ನಡಿಯಲ್ಲಿ ನೋಡಿದರೆ ಗೋಡೆಯ ಮೇಲಿನ ಕೆಂಪು ಬೆಳಕು ನಿಜವನ್ನು ಹೇಳುತ್ತದೆ. ಇದಕ್ಕಿಂತ ಸುಲಭವಾದ ದಾರಿಯೆಂದರೆ ಇನ್ನೊಬ್ಬರನ್ನು ಹಿಂದೆ ನಿಲ್ಲಿಸಿ ಕೇಳುವುದು. ಆಗುಂಬೆಯದಾಗಲಿ ಹುಲಿಕಲ್ಲಿನದಾಗಲಿ, ಘಾಟಿ ಇಳಿಯುವ ಮುನ್ನ ಇದನ್ನು ಮರೆಯಬಾರದು. ಮಂಜು ಕವಿದ ತಿರುವುಗಳಲ್ಲಿ ಹಿಂದಿನವನಿಗೆ ಕಾಣುವುದು ಆ ಎರಡು ಕೆಂಪು ಚುಕ್ಕೆಗಳು ಮಾತ್ರ.

ನಮ್ಮ ಮನೆಯಲ್ಲಿ ಈಗ ಆ ಕೆಲಸ ಮಗಳದು. ಪ್ರತಿ ಭಾನುವಾರ ಅಂಗಳದಲ್ಲಿ ಕಾರಿನ ಹಿಂದೆ ನಿಂತು ಅವಳು, “ಅಪ್ಪಾ, ಎರಡೂ ಹತ್ತಿದುವು” ಎಂದು ಕೂಗುತ್ತಾಳೆ. ಅದನ್ನು ಕೇಳಿದ ಮೇಲೆಯೇ ನಾನು ಪೆಡಲಿನಿಂದ ಕಾಲು ತೆಗೆಯುವುದು.