ಹಿರಿಯರ ಆರೈಕೆ: ಗಾಲಿಕುರ್ಚಿಯ ಲೆಕ್ಕಾಚಾರ

2011ರ ಜನಗಣತಿಯಂತೆ ದೇಶದಲ್ಲಿ ಅರವತ್ತು ದಾಟಿದವರು 10.38 ಕೋಟಿ. ಇವರ ಆರೈಕೆಗೆಂದೇ ಹೊಸ ಬಗೆಯ ಸಂಸ್ಥೆಗಳು ಹುಟ್ಟಿಕೊಂಡಿವೆ. ನಮ್ಮ ನಗರದಲ್ಲಿ 1998ರಲ್ಲಿ ಸ್ಥಾಪಿತವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್, 2010ರಲ್ಲಿ ಕಸ್ತೂರಿನಗರದಲ್ಲಿ ಮರೆವಿನ ಕಾಯಿಲೆಯವರಿಗಾಗಿ ಪ್ರತ್ಯೇಕ ಕೇಂದ್ರವನ್ನು ತೆರೆಯಿತು. ಉದ್ದಿಮೆದಾರರಾದ ನಮಗೆ ಇದರಲ್ಲಿ ಏನು ಪಾಲು?

ಮಡಿವಾಳದ ಮಗ್ಗುಲಲ್ಲೇ ಸೇಂಟ್ ಜಾನ್ಸ್ ಆಸ್ಪತ್ರೆಯಿದೆ. ಅಲ್ಲಿಂದ ಮನೆಗೆ ಮರಳುವ ವೃದ್ಧರಿಗೆ ಔಷಧದಷ್ಟೇ ಅಗತ್ಯವಾದುದು ಗಾಲಿಕುರ್ಚಿ, ಊರುಗೋಲು, ಗೋಡೆಯ ಹಿಡಿಕಂಬಿ. ಹಳೆಯ ಮನೆಗಳ ಸ್ನಾನಗೃಹದ ಬಾಗಿಲು ಎರಡಡಿ. ಸಾಮಾನ್ಯ ಗಾಲಿಕುರ್ಚಿಯ ಅಗಲ ಅದಕ್ಕಿಂತ ಹೆಚ್ಚು. ಬಾಗಿಲಿನ ಅಳತೆಗೆ ತಕ್ಕ ಕಿರಿದಾದ ಕುರ್ಚಿ ತಯಾರಿಸುವುದು ಪೈಪು ಬಾಗಿಸಬಲ್ಲ ಸಣ್ಣ ಘಟಕಕ್ಕೆ ಅಸಾಧ್ಯವೇನಲ್ಲ. ಇದು ವೈದ್ಯಕೀಯ ಸಾಧನ ನಿಯಮಾವಳಿ, 2017ರ ವ್ಯಾಪ್ತಿಗೆ ಸೇರುವುದರಿಂದ ನೋಂದಣಿಯನ್ನು ಮರೆಯಬಾರದು.

ತೆರಿಗೆಯ ಗಂಟನ್ನು ಮಾತ್ರ ಮೊದಲೇ ಬಿಡಿಸಿಕೊಳ್ಳಬೇಕು. ಗಾಲಿಕುರ್ಚಿಗೆ ಜಿ.ಎಸ್.ಟಿ. ಶೇ. 5, ಅದರ ಉಕ್ಕಿನ ಕೊಳವೆಗೆ ಶೇ. 18. ಹೀಗಾಗಿ ಇನ್‌ಪುಟ್ ತೆರಿಗೆ ಜಮೆಯು ಖಾತೆಯಲ್ಲೇ ಕೂತು ದುಡಿಯುವ ಬಂಡವಾಳವನ್ನು ನುಂಗುತ್ತದೆ. ಕಾಯಿದೆಯ 54(3)ನೆಯ ಪ್ರಕರಣದ ಮೇರೆಗೆ ಎರಡು ವರ್ಷಗಳೊಳಗೆ ಮರುಪಾವತಿ ಕೋರಬಹುದು. ಆದರೆ ಅದು ಕಚ್ಚಾ ಸಾಮಗ್ರಿಯ ಜಮೆಗಷ್ಟೇ. ಯಂತ್ರಕ್ಕೂ ಬಾಡಿಗೆಗೂ ತೆತ್ತ ತೆರಿಗೆಗಿಲ್ಲ. ರಾಜಿ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಜಮೆಯೇ ಇಲ್ಲವಾದ್ದರಿಂದ ಮರುಪಾವತಿಯ ಮಾತೂ ಇಲ್ಲ. ಸಣ್ಣವರಿಗೆ ಸುಲಭವೆಂದು ಆ ಪದ್ಧತಿಗೆ ಸೇರುವವರು ಈ ಸರಕಿನ ಮಟ್ಟಿಗೆ ಎರಡು ಬಾರಿ ಯೋಚಿಸಬೇಕೆಂಬುದು ನನ್ನ ಅಭಿಪ್ರಾಯ. ಸರಬರಾಜುದಾರನ ಬಿಲ್ಲು ಜಿ.ಎಸ್.ಟಿ.ಆರ್.-2ಬಿಯಲ್ಲಿ ಕಾಣದಿದ್ದರೆ ಅದು ಮರುಪಾವತಿಯ ಲೆಕ್ಕಕ್ಕೆ ಬಾರದು. ಕೊಳವೆಯನ್ನು ಕೊಳ್ಳುವಾಗಲೇ ಇದನ್ನು ವಿಚಾರಿಸಿಕೊಳ್ಳಿರಿ.